ಸ್ಕೇಲ್ ಇಟ್ಟು ಎಳೆದ ಗೆರೆ

ನಾನು ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದ ಕಾಲದಲ್ಲಿ ಒಂಬತ್ತನೇ ತರಗತಿಯ ಗೋಡೆಯ ಮೇಲೆ ಪ್ರಪಂಚದ ದೊಡ್ಡ ಭೂಪಟವೊಂದಿತ್ತು. ಒಂದು ದಿನ ಒಬ್ಬ ಹುಡುಗಿ ಎದ್ದು ನಿಂತು, ಆಸ್ಟ್ರೇಲಿಯಾದ ಉತ್ತರಕ್ಕಿರುವ ನ್ಯೂಗಿನಿ ದ್ವೀಪವನ್ನು ತೋರಿಸಿ ಕೇಳಿದಳು: "ಸಾರ್, ಇದರ ನಡುವೆ ಯಾರೋ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆಯಲ್ಲ, ಅಲ್ಲಿ ಏನಿದೆ?"

"ಅದು ಪರೀಕ್ಷೆಗೆ ಬರೋದಿಲ್ಲಮ್ಮ, ಕೂತ್ಕೋ" ಎಂದೆ. ಪಾಠ ಮುಗಿಸುವ ಅವಸರವಿತ್ತು. ನಿಜ ಹೇಳಬೇಕೆಂದರೆ ಉತ್ತರವೂ ನನಗೆ ಗೊತ್ತಿರಲಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಕೇಳಿದಾಗ ಮೊದಲು ನೆನಪಾದದ್ದು ಆ ಪ್ರಶ್ನೆ. ತಡವಾಗಿಯಾದರೂ ಉತ್ತರಿಸುತ್ತೇನೆ.

ಆ ಗೆರೆ 141ನೇ ಪೂರ್ವ ರೇಖಾಂಶ. ಫ್ಲೈ ನದಿಯ ಬಳಿ ಸ್ವಲ್ಪ ದೂರ ಬಿಟ್ಟರೆ ಅದು ನೇರವಾಗಿಯೇ ಸಾಗುತ್ತದೆ. 1828ರಲ್ಲಿ ಡಚ್ಚರು ದ್ವೀಪದ ಪಶ್ಚಿಮ ಭಾಗ ತಮ್ಮದೆಂದು ಸಾರಿದರು. 1884ರಲ್ಲಿ ಪೂರ್ವ ಭಾಗವನ್ನು ಜರ್ಮನ್ನರೂ ಬ್ರಿಟಿಷರೂ ಹಂಚಿಕೊಂಡರು. ಅಲ್ಲಿ ವಾಸಿಸುತ್ತಿದ್ದ ಜನರನ್ನು ಯಾರೂ ಕೇಳಲಿಲ್ಲ. ಇಂದು ಪಶ್ಚಿಮ ಭಾಗ ಇಂಡೋನೇಷ್ಯಾಕ್ಕೆ ಸೇರಿದೆ. ಪೂರ್ವ ಭಾಗ 1975ರಲ್ಲಿ ಆಸ್ಟ್ರೇಲಿಯಾದ ಆಡಳಿತದಿಂದ ಬಿಡುಗಡೆ ಹೊಂದಿ ಪಪುವಾ ನ್ಯೂಗಿನಿ ಎಂಬ ಸ್ವತಂತ್ರ ದೇಶವಾಗಿದೆ. ಗೆರೆ ಎಳೆದವರು ಹೋದರು, ಗೆರೆ ಉಳಿಯಿತು.

ಇಂಡೋನೇಷ್ಯಾ ಕೂಡ ಅಂಥ ಗೆರೆಗಳ ಒಳಗೇ ಮೂಡಿದ ದೇಶ. ಲವಂಗ, ಜಾಯಿಕಾಯಿಗಳ ವ್ಯಾಪಾರಕ್ಕೆಂದು 1602ರಲ್ಲಿ ಹುಟ್ಟಿದ ಡಚ್ ಕಂಪನಿ ಆ ದ್ವೀಪಗಳಲ್ಲಿ ಬೇರೂರಿತು. ಕಂಪನಿ ಮುಳುಗಿದ ಮೇಲೆ ಡಚ್ ಸರ್ಕಾರವೇ ಆಳಿತು. ಸಾವಿರಾರು ದ್ವೀಪಗಳು, ನೂರಾರು ಭಾಷೆಗಳು, ಹಲವು ಧರ್ಮಗಳು. ಇವರೆಲ್ಲರಿಗೂ ಸಮಾನವಾಗಿದ್ದದ್ದು ಒಬ್ಬನೇ ಒಡೆಯ. ಆ ಒಡೆಯ ತೆರೆದ ಶಾಲೆಗಳಲ್ಲಿ ಜಾವಾ, ಸುಮಾತ್ರಾ, ಸುಲವೇಸಿಗಳ ಹುಡುಗರು ಅಕ್ಕಪಕ್ಕ ಕುಳಿತು ಓದಿದರು. ನಾವೆಲ್ಲ ಒಂದೇ ನಾಡಿನವರು ಎಂಬ ಭಾವನೆ ಅಲ್ಲಿ ಬೆಳೆಯಿತು.

1928ರ ಅಕ್ಟೋಬರ್ 28ರಂದು, ಇಂದಿನ ಜಕಾರ್ತಾದಲ್ಲಿ, ಅಂಥ ಯುವಕರು ಸೇರಿ ಪ್ರತಿಜ್ಞೆ ಮಾಡಿದರು: ಒಂದು ನಾಡು, ಒಂದು ಜನಾಂಗ, ಒಗ್ಗಟ್ಟಿನ ಭಾಷೆಯಾಗಿ ಇಂಡೋನೇಷ್ಯನ್. ಹೊಸ ಹೆಸರು ಪಡೆದ ಈ ಭಾಷೆ ಬಂದರುಗಳ ವ್ಯಾಪಾರದ ಮಲಯ್ ಭಾಷೆಯೇ. ಸಂಖ್ಯೆಯಲ್ಲಿ ಎಲ್ಲರಿಗಿಂತ ದೊಡ್ಡ ಸಮುದಾಯ ಜಾವಾದವರದು. ಅವರ ಭಾಷೆಗೆ ಹಳೆಯ, ಶ್ರೀಮಂತ ಸಾಹಿತ್ಯವೂ ಇತ್ತು. ಆದರೂ ತಮ್ಮ ಭಾಷೆಯನ್ನೇ ರಾಷ್ಟ್ರಭಾಷೆ ಮಾಡಿ ಎಂದು ಅವರು ಹಟ ಹಿಡಿಯಲಿಲ್ಲ. ಇದರಲ್ಲಿ ಸಾಮಾಜಿಕ ಬದಲಾವಣೆಯ ಬೀಜವೂ ಇತ್ತು. ನಮ್ಮಲ್ಲಿ 'ನೀನು', 'ನೀವು' ಎಂಬ ವ್ಯತ್ಯಾಸವಿರುವಂತೆ ಜಾವಾ ಭಾಷೆಯಲ್ಲಿ ದೊಡ್ಡವರೊಡನೆ ಮಾತನಾಡುವಾಗ ಸಾಮಾನ್ಯ ಪದಗಳೇ ಬದಲಾಗುತ್ತವೆ. ಮಲಯ್ ಭಾಷೆಯಲ್ಲಿ ಅಂಥ ಮೇಲುಕೀಳಿನ ಮೆಟ್ಟಿಲುಗಳು ಕಡಿಮೆ. ಡಚ್ಚರು ತಮ್ಮ ಆಡಳಿತಕ್ಕೆ ಬಳಸುತ್ತಿದ್ದ ಭಾಷೆಯನ್ನೇ ಆ ಯುವಕರು ಸ್ವಾತಂತ್ರ್ಯದ ಭಾಷೆಯಾಗಿ ಮಾಡಿಕೊಂಡರು.

1945ರ ಆಗಸ್ಟ್ 17ರಂದು ಸುಕರ್ಣೋ ಮತ್ತು ಹತ್ತಾ ಸ್ವಾತಂತ್ರ್ಯ ಘೋಷಿಸಿದರು. ಡಚ್ಚರು ಮತ್ತೆ ಸೈನ್ಯ ಕಳಿಸಿದರು. 1949ರ ಜನವರಿಯಲ್ಲಿ ನೆಹರೂ ದೆಹಲಿಯಲ್ಲಿ ಸಮ್ಮೇಳನ ಕರೆದು ಇಂಡೋನೇಷ್ಯಾದ ಪರ ನಿಂತರು. ಅದೇ ಡಿಸೆಂಬರ್‌ನಲ್ಲಿ ಡಚ್ಚರು ಅಧಿಕಾರ ಬಿಟ್ಟುಕೊಟ್ಟರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪಶ್ಚಿಮ ನ್ಯೂಗಿನಿಯನ್ನು ಡಚ್ಚರು ಆಗ ಬಿಟ್ಟಿರಲಿಲ್ಲ. ಡಚ್ಚರು ಆಳಿದ್ದೆಲ್ಲವೂ ನಮ್ಮದೇ ಎಂದು ಇಂಡೋನೇಷ್ಯಾ ವಾದಿಸಿತು. ಒಡೆಯನನ್ನು ಓಡಿಸಿದವರು ಒಡೆಯನ ಭೂಪಟವನ್ನೇ ಸಾಕ್ಷಿಯಾಗಿ ಮುಂದಿಟ್ಟರು. 1963ರಲ್ಲಿ ಆಡಳಿತ ಅವರ ಕೈಗೆ ಬಂತು. 1969ರಲ್ಲಿ ಜನಾಭಿಪ್ರಾಯ ಕೇಳಿದಾಗ ಎಲ್ಲರಿಗೂ ಮತ ಕೊಡಲಿಲ್ಲ. ಆರಿಸಿದ ಸುಮಾರು ಒಂದು ಸಾವಿರ ಪ್ರತಿನಿಧಿಗಳಷ್ಟೇ, ಸೈನ್ಯದ ಕಣ್ಣೆದುರು, ಒಪ್ಪಿಗೆ ಸೂಚಿಸಿದರು. ಅಲ್ಲಿನ ಅಸಮಾಧಾನ ಇಂದಿಗೂ ಆರಿಲ್ಲ. ಪೋರ್ಚುಗೀಸರ ವಸಾಹತಾಗಿದ್ದ ಪೂರ್ವ ತಿಮೋರ್ ಡಚ್ ಭೂಪಟದಲ್ಲೂ ಇರಲಿಲ್ಲ. 1975ರಲ್ಲಿ ಅದನ್ನೂ ಇಂಡೋನೇಷ್ಯಾ ಸೈನ್ಯದಿಂದ ಆಕ್ರಮಿಸಿತು. 1999ರಲ್ಲಿ ಅಲ್ಲಿನ ಎಲ್ಲ ಮತದಾರರನ್ನೂ ಕೇಳಿದಾಗ ನೂರಕ್ಕೆ 78ಕ್ಕೂ ಹೆಚ್ಚು ಮಂದಿ ಬೇರೆಯಾಗಲು ಬಯಸಿದರು. 2002ರಲ್ಲಿ ಅದು ಸ್ವತಂತ್ರವಾಯಿತು.

ಒಂದೇ ದೇಶದ ಈ ಎರಡು ಮುಖಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ತಿಳಿದದ್ದು ಇಷ್ಟು. ಪರಕೀಯರು ಬಿಟ್ಟುಹೋದ ಗಡಿ, ಶಾಲೆ, ಭಾಷೆ ಇವೇ ದೇಶವನ್ನು ಕಟ್ಟುವುದೂ ಇಲ್ಲ, ಕೆಡಿಸುವುದೂ ಇಲ್ಲ. ದೊಡ್ಡವರು ತಮ್ಮ ಪಾಲನ್ನು ಸ್ವಲ್ಪ ಬಿಟ್ಟುಕೊಟ್ಟಾಗ ಚಿಕ್ಕವರಿಗೆ 'ಇದು ನಮ್ಮದು' ಎನಿಸುತ್ತದೆ. ಕೇಳದೆ ಸೇರಿಸಿಕೊಂಡರೆ ಹಳೆಯ ಒಡೆತನವೇ ಹೊಸ ಬಾವುಟದ ಕೆಳಗೆ ಮುಂದುವರಿಯುತ್ತದೆ.

ಇದು ನಮಗೆ ದೂರದ ಮಾತಲ್ಲ. ಕನ್ನಡಿಗರೂ ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದವರು. 1956ರ ನವೆಂಬರ್ 1ರಂದು ಒಂದಾದೆವು. ಆದರೂ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. 17 ವರ್ಷಗಳ ನಂತರ, 1973ರಲ್ಲಿ, ಆ ಹೆಸರು ಬದಿಗೆ ಸರಿದು ಕರ್ನಾಟಕ ಎಂದಾಯಿತು. ಬೀದರಿನವನಿಗೂ ಬಳ್ಳಾರಿಯವನಿಗೂ ಆ ಹೆಸರಿನಲ್ಲಿ ಪಾಲು ಸಿಕ್ಕಿತು.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಈ ಸಂಚಿಕೆ ಅವಳ ಕೈ ಸೇರಿದರೆ ಹೇಳುವುದಿಷ್ಟೆ: ನೀನು ಕೇಳಿದ್ದು ಸರಿಯಾಗಿತ್ತಮ್ಮ, ಕೂತ್ಕೋ ಎಂದದ್ದು ನನ್ನ ತಪ್ಪು. ಈಗ ಇಲ್ಲಿ ಓದುತ್ತಿರುವ ಮಕ್ಕಳೇ, ಭೂಪಟದಲ್ಲಿ ನೇರವಾದ ಗೆರೆ ಕಂಡರೆ ಸುಮ್ಮನಿರಬೇಡಿ. ಅದನ್ನು ಯಾರು ಎಳೆದರು, ಅಲ್ಲಿದ್ದವರನ್ನು ಕೇಳಿದ್ದರೇ ಎಂದು ನಿಮ್ಮ ಮೇಷ್ಟರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಕೂಡಿ ಹುಡುಕಿ.