ಫ್ರಾಂಕ್‌ಫರ್ಟಿನ ಚಿತ್ತರೋಗಾಲಯವೂ ಆಗಸ್ಟೆ ಎಂಬ ಸ್ತ್ರೀಯೂ

ಅರವತ್ತಕ್ಕೆ ಅರಳುಮರಳೆಂಬುದು ನಮ್ಮಲ್ಲಿ ಮನೆಮಾತು. ಮುಪ್ಪಿನೊಡನೆ ಮರೆವು ಬರುವುದು ಸೃಷ್ಟಿಕ್ರಮವೆಂದು ಬಗೆದು, ಅದನ್ನು ವ್ಯಾಧಿಯೆಂದೆಣಿಸದೆ ಬಿಡುವುದು ಲೋಕರೂಢಿ. ಆದರೆ ಜರ್ಮನಿಯಲ್ಲಿ ಐವತ್ತೊಂದು ವಯಸ್ಸಿನ ಗೃಹಿಣಿಯೊಬ್ಬಳಿಗೆ ಈ ಅವಸ್ಥೆ ಪ್ರಾಪ್ತವಾಗಿ, ಆಕೆಯನ್ನು ಎಲ್ಲಿರಿಸುವುದು, ಆ ವೆಚ್ಚವನ್ನು ಭರಿಸುವುದು ಹೇಗೆ ಎಂಬ ಚಿಂತೆಯು ಮನೆಯವರನ್ನು ಕಾಡಿತು. ಈ ವ್ಯಾಧಿಯ ಚರಿತ್ರೆಯು ಅಲ್ಲಿಂದ ಬೇರೊಂದು ದಾರಿಯನ್ನು ಹಿಡಿಯಿತು.

ಕಾಸೆಲ್ ಪಟ್ಟಣದಲ್ಲಿ 1850ನೆಯ ಇಸವಿಯಲ್ಲಿ ಹುಟ್ಟಿದ ಆಗಸ್ಟೆಯು 1873ರಲ್ಲಿ ಕಾರ್ಲ್ ಡೇಟರ್ ಎಂಬ ರೈಲ್ವೆ ಗುಮಾಸ್ತನ ಕೈಹಿಡಿದಳು. ಅವರಿಗೆ ಮಗಳೊಬ್ಬಳು. 1901ರಲ್ಲಿ, ಗಂಡನಿಗೆ ನೆರೆಮನೆಯವಳಲ್ಲಿ ಮನಸ್ಸಿದೆಯೆಂಬ ಶಂಕೆ ಆಕೆಯಲ್ಲಿ ಮೂಡಿತು. ಬಳಿಕ ಅಡುಗೆ ಕೆಟ್ಟಿತು. ಸಾಮಾನುಗಳನ್ನು ಬಚ್ಚಿಡುವುದೂ ನಿಷ್ಕಾರಣವಾಗಿ ಮನೆಯೊಳಗೆಲ್ಲ ಸುಳಿದಾಡುವುದೂ ಮೊದಲಾದುವು. ದುಡಿಮೆಗೆ ಹೋಗಬೇಕಾದ ಗಂಡನು ಇಂಥವಳನ್ನು ಹಗಲಿರುಳೂ ಕಾಯುವುದೆಂತು? ಆ ವರ್ಷ ನವೆಂಬರ್ 25ರಂದು ಆಕೆಯನ್ನು ಫ್ರಾಂಕ್‌ಫರ್ಟಿನ ಚಿತ್ತರೋಗಾಲಯಕ್ಕೆ ಸೇರಿಸಲಾಯಿತು.

ಊರವರು ಈ ಆಲಯವನ್ನು ‘ಹುಚ್ಚರ ಕೋಟೆ’ ಎಂದು ಕರೆಯುತ್ತಿದ್ದರು. ಅದನ್ನು ಕಟ್ಟಿಸಲು ಹೆಣಗಿದ ಹೈನ್‌ರಿಖ್ ಹಾಫ್‌ಮನ್ ಎಂಬ ವೈದ್ಯನೇ, ಮಕ್ಕಳಿಗಾಗಿ ಚಿತ್ರಗಳ ಪದ್ಯಪುಸ್ತಕವೊಂದನ್ನು ರಚಿಸಿ ಯೂರೋಪಿನಲ್ಲೆಲ್ಲ ಹೆಸರಾದವನೆಂಬುದು ವಿನೋದದ ಸಂಗತಿ. ಆಗಸ್ಟೆಯ ಕಾಲಕ್ಕೆ ಸಿಯೋಲಿ ಎಂಬವನು ಅಲ್ಲಿಯ ಮುಖ್ಯಸ್ಥ; ಅಲೋಯಿಸ್ ಆಲ್ಜೈಮರ್ ಅವನ ಸಹಾಯಕ. ರೋಗಿಗಳನ್ನು ಕಟ್ಟಿಹಾಕುವುದನ್ನು ತ್ಯಜಿಸಿ, ಬಹುಹೊತ್ತಿನ ಬಿಸಿನೀರ ಸ್ನಾನವೇ ಮೊದಲಾದ ಸೌಮ್ಯೋಪಾಯಗಳನ್ನು ಇವರು ಬಳಸುತ್ತಿದ್ದರು.

ಮರುದಿನ ಆಲ್ಜೈಮರನು ಪ್ರಶ್ನಿಸಿದಾಗ ಆಕೆ ತನ್ನ ಹೆಸರು ಆಗಸ್ಟೆಯೆಂದಳು. ಮನೆತನದ ಹೆಸರೂ ಆಗಸ್ಟೆ, ಗಂಡನ ಹೆಸರೂ ಆಗಸ್ಟೆ. ಹೂಕೋಸನ್ನೂ ಮಾಂಸವನ್ನೂ ಉಣ್ಣುತ್ತಿರುವಾಗ ಏನನ್ನು ತಿನ್ನುತ್ತಿರುವೆಯೆಂದು ಕೇಳಿದರೆ ಸೊಪ್ಪಿನ ಹೆಸರನ್ನು ಹೇಳಿದಳು.

ಆಸ್ಪತ್ರೆಗೆ ಸೇರಿಸಿದೊಡನೆ ತೊಡಕು ತೀರಿತೆಂದು ಭಾವಿಸಬಾರದು. ರಾತ್ರಿಯಲ್ಲಿ ಆಕೆ ಇತರ ರೋಗಿಗಳ ಹಾಸಿಗೆಗಳ ಬಳಿಗೆ ಹೋಗಿ ಅವರನ್ನೆಬ್ಬಿಸುತ್ತಿದ್ದಳು. ಆದುದರಿಂದ ಪ್ರತ್ಯೇಕ ಕೋಣೆಯಲ್ಲಿರಿಸಬೇಕಾಯಿತು. ಇತ್ತ ಗುಮಾಸ್ತನಿಗೆ ಆಲಯದ ವೆಚ್ಚ ಭಾರವಾಯಿತು. ಅಗ್ಗದ ಬೇರೆ ಆಸ್ಪತ್ರೆಗೆ ಸಾಗಿಸಬೇಕೆಂದು ಅವನು ಬೇಡಿದನು. ಇದರಿಂದ ಅವನನ್ನು ನಿಷ್ಕರುಣಿಯೆನ್ನಲಾಗದು. ವ್ಯಾಧಿಗೆ ಅವಧಿಯಿಲ್ಲ, ಸಂಬಳಕ್ಕೆ ಮಿತಿಯುಂಟು. 1903ರಲ್ಲಿ ಆ ಊರನ್ನು ಬಿಟ್ಟು, ಮುಂದೆ ಮ್ಯೂನಿಕ್ಕಿನಲ್ಲಿ ನೆಲೆಸಿದ ಆಲ್ಜೈಮರನು ಆಕೆ ಫ್ರಾಂಕ್‌ಫರ್ಟಿನಲ್ಲಿಯೇ ಉಳಿಯುವಂತೆ ನಡುವೆ ಪ್ರವೇಶಿಸಿದನು. ಮರಣಾನಂತರ ಆಕೆಯ ಕಡತವೂ ಮಿದುಳೂ ತನಗೆ ಸಲ್ಲಬೇಕೆಂಬುದು ಅವನ ಅಪೇಕ್ಷೆ. ಇದು ದಯೆಯೋ, ಶಾಸ್ತ್ರಕುತೂಹಲವೋ? ಎರಡೂ ಬೆರೆತಿದ್ದಿರಬೇಕು. ಗಂಡನಿಗಂತೂ ಹೆಂಡತಿಗೊಂದು ಹಾಸಿಗೆ ಉಳಿದುದೇ ದೊಡ್ಡದು.

ಕಡೆಗಾಲದಲ್ಲಿ ಆಕೆ ಹಾಸಿಗೆಯಲ್ಲಿ ಮುದುಡಿಕೊಂಡೇ ಇರುತ್ತಿದ್ದಳು. ಹಾಸಿಗೆಹುಣ್ಣುಗಳ ನಂಜೇರಿ 1906ರ ಏಪ್ರಿಲ್ 8ರಂದು ಮಡಿದಳು. ಮಿದುಳು ಮ್ಯೂನಿಕ್ಕಿಗೆ ಹೋಯಿತು. ಅದರಲ್ಲಿ ಕಂಡ ವಿಚಿತ್ರವಾದ ತಂತುಗಂಟುಗಳನ್ನೂ ಮಚ್ಚೆಗಳನ್ನೂ ಕುರಿತು ಆಲ್ಜೈಮರನು ಅದೇ ನವೆಂಬರ್ 3ರಂದು ಟ್ಯೂಬಿಂಗನ್ ಸಭೆಯಲ್ಲಿ ಉಪನ್ಯಾಸವಿತ್ತನು. ನೆರೆದ ವೈದ್ಯರಲ್ಲಿ ಒಬ್ಬನೂ ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಕ್ರೇಪೆಲಿನ್ನನು ತನ್ನ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಜೈಮರನ ಹೆಸರನ್ನಿಟ್ಟನು.

ಆ ಕೋಟೆ ಈಗಿಲ್ಲ. ಅದಿದ್ದ ನೆಲದಲ್ಲಿ ವಿಶ್ವವಿದ್ಯಾನಿಲಯದ ಕಟ್ಟಡವಿದೆ. ಕಳೆದುಹೋಯಿತೆಂದೇ ತಿಳಿದಿದ್ದ ಕಡತವು 1995ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ದೊರೆಯಿತು. ಆಗಸ್ಟೆಯು ತನ್ನ ಹೆಸರನ್ನು ಬರೆಯಲು ಹೊರಟು, ಸರಿಯಾಗಿ ಮುಗಿಸಲಾರದೆ ಬಿಟ್ಟ ಕಾಗದವೂ ಅದರೊಳಗಿದೆ.