ಕಾರಿನ ಸೈಲೆನ್ಸರ್‌ಗೆ ಯಾವ ಉಕ್ಕು?

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಕಮಲಾಪುರ ಬರುವ ಮೊದಲು ಮಹಾಗಾಂವ ಕ್ರಾಸ್ ಸಿಗುತ್ತದೆ. ಮಹಾಗಾಂವದಲ್ಲಿರುವ ಶಿಕ್ಷಕರೊಬ್ಬರು ತಮ್ಮ ಹಳೆಯ ಸಣ್ಣ ಕಾರಿನಲ್ಲಿ ದಿನವೂ ಎರಡು ಮೂರು ಕಿ.ಮೀ. ದೂರದ ಶಾಲೆಗೆ ಹೋಗಿ ಬರುತ್ತಾರೆಂದು ಭಾವಿಸಿ. ಅದೇ ಶಾಲೆಗೆ ಅವರ ಸಹೋದ್ಯೋಗಿ ಕಲಬುರಗಿ ನಗರದಿಂದ ಅಂಥದೇ ಕಾರಿನಲ್ಲಿ ಬರುತ್ತಾರೆ. ಯಾರ ಕಾರಿನ ಸೈಲೆನ್ಸರ್ ಮೊದಲು ತೂತಾಗುತ್ತದೆ? ಹೆಚ್ಚು ಓಡಿದ ಕಾರಿನದು ಎಂದು ನೀವು ಹೇಳಬಹುದು. ಆದರೆ ಸಾಮಾನ್ಯವಾಗಿ ಆಗುವುದು ಅದಕ್ಕೆ ವಿರುದ್ಧ. ಕಡಿಮೆ ಓಡಿದ ಕಾರಿನ ಸೈಲೆನ್ಸರೇ ಬೇಗ ಕೊಳೆಯುತ್ತದೆ.

ಕಾರಣ ನೀರು. ಪೆಟ್ರೋಲನ್ನು ಲೆಕ್ಕಕ್ಕಾಗಿ ಆಕ್ಟೇನ್ (ಸಿ8 ಎಚ್18) ಎಂದುಕೊಳ್ಳೋಣ. ಅದರ 114 ಗ್ರಾಂ ಉರಿದಾಗ 162 ಗ್ರಾಂ ನೀರು ಹುಟ್ಟುತ್ತದೆ. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂದು ಲೀಟರ್ ನೀರು! ದೂರ ಓಡಿದ ಕಾರಿನಲ್ಲಿ ಇದೆಲ್ಲ ಆವಿಯಾಗಿ ಹೊರಟು ಹೋಗುತ್ತದೆ. ಎರಡು ಕಿ.ಮೀ. ಓಡಿ ನಿಂತ ಕಾರಿನಲ್ಲಿ ಹಿಂಬದಿಯ ಡಬ್ಬಿ ಇನ್ನೂ ಬಿಸಿಯಾಗಿರುವುದಿಲ್ಲ. ಆವಿ ಅದರೊಳಗೆ ತಣಿದು ನಿಲ್ಲುತ್ತದೆ. ಅದು ಶುದ್ಧ ನೀರೂ ಅಲ್ಲ. ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್ ಮತ್ತು ಗಂಧಕದ ಆಕ್ಸೈಡುಗಳು ಕರಗಿದ ದುರ್ಬಲ ಆಮ್ಲ. ಸಾಧಾರಣ ಉಕ್ಕಿನ ಡಬ್ಬಿಯನ್ನು ಇದು ಒಳಗಿನಿಂದ ತಿನ್ನುತ್ತದೆ. ಆದ್ದರಿಂದಲೇ ಹೊರಗೆ ಬಣ್ಣ ಬಳಿದು ಪ್ರಯೋಜನವಿಲ್ಲ.

ಇಂಥ ಹೊತ್ತಿನಲ್ಲಿ ಗ್ಯಾರೇಜಿನವರು 'ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸಿ, ಜೀವನಪೂರ್ತಿ ಬರುತ್ತದೆ' ಎನ್ನುತ್ತಾರೆ. ಮಾತು ಅರ್ಧ ನಿಜ. ಉಳಿದರ್ಧ ತಿಳಿಯಬೇಕಾದರೆ ಈ ಉಕ್ಕು ಬಂದ ದಾರಿಯನ್ನು ನೋಡಬೇಕು. ಆ ದಾರಿ ನಮ್ಮ ನಾಡಿನ ಹತ್ತಿರದಿಂದಲೇ ಹಾದುಹೋಗಿದೆ.

1794ರಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್, ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ದಕ್ಷಿಣ ಭಾರತದ 'ವೂಟ್ಜ್' ಉಕ್ಕಿನ ಗಟ್ಟಿಗಳನ್ನು ಕಳಿಸಿದ. ಈ ಹೆಸರು ಕನ್ನಡದ 'ಉಕ್ಕು' ಪದದ ಅಪಭ್ರಂಶವೆಂಬುದು ಅನೇಕ ವಿದ್ವಾಂಸರ ಮತ. ಅದರ ಗಡಸುತನದ ಗುಟ್ಟು ಹಿಡಿಯಲು ಹೊರಟವರಲ್ಲಿ ಮೈಕೆಲ್ ಫ್ಯಾರಡೆಯೂ ಒಬ್ಬ. ವಿದ್ಯುತ್ತಿನ ಫ್ಯಾರಡೆಯೇ! ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆಗೂಡಿ ಆತ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ಕ್ರೋಮಿಯಂ ಮೊದಲಾದ ಲೋಹಗಳನ್ನು ಬೆರೆಸಿ ನೋಡಿದ. 1820 ಮತ್ತು 1822ರಲ್ಲಿ ಅವರ ಲೇಖನಗಳು ಪ್ರಕಟವಾದವು. ಅವರು ಬೆರೆಸಿದ ಕ್ರೋಮಿಯಂ ಅಲ್ಪ. ತುಕ್ಕು ತಡೆಯುವಷ್ಟು ಇರಲಿಲ್ಲ. 1821ರಲ್ಲಿ ಫ್ರಾನ್ಸಿನ ಪಿಯರ್ ಬೆರ್ತಿಯೆ ಹೆಚ್ಚು ಕ್ರೋಮಿಯಂ ಬೆರೆಸಿ, ಅಂಥ ಮಿಶ್ರಲೋಹ ಆಮ್ಲಗಳಿಗೆ ಸುಲಭವಾಗಿ ಬಗ್ಗದೆಂದು ಕಂಡ. ಆದರೆ ಅದರಲ್ಲಿ ಕಾರ್ಬನ್ ವಿಪರೀತವಾಗಿತ್ತು, ಬಡಿದರೆ ಒಡೆಯುತ್ತಿತ್ತು.

ಮುಂದಿನ ಘಟನೆ ವಿದ್ಯಾರ್ಥಿಗಳು ಗಮನಿಸತಕ್ಕದ್ದು. 1892ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಕ್ರೋಮಿಯಂ ಉಕ್ಕುಗಳನ್ನು ಕ್ರಮಬದ್ಧವಾಗಿ ಪರೀಕ್ಷಿಸಿ, ಕ್ರೋಮಿಯಂ ಸೇರಿಸಿದರೆ ಉಕ್ಕು ಬೇಗ ಸವೆಯುತ್ತದೆ ಎಂದು ತೀರ್ಮಾನಿಸಿದ! ಆತ ಸಾಧಾರಣ ವ್ಯಕ್ತಿಯಲ್ಲ, ಮ್ಯಾಂಗನೀಸ್ ಉಕ್ಕಿನ ಜನಕ. ಅವನ ಅಳತೆಯಲ್ಲೂ ದೋಷವಿರಲಿಲ್ಲ. ಆದರೆ ಆತ ಉಪಯೋಗಿಸಿದ್ದು ಶೇಕಡಾ 50ರ ಸಲ್ಫ್ಯೂರಿಕ್ ಆಮ್ಲ. ಅಂಥ ಆಮ್ಲದಲ್ಲಿ ಕ್ರೋಮಿಯಂ ಉಕ್ಕು ನಿಜವಾಗಿಯೂ ಕರಗುತ್ತದೆ. ಗಾಳಿ, ನೀರು, ನೈಟ್ರಿಕ್ ಆಮ್ಲಗಳಲ್ಲಿ ಅದರ ನಡತೆಯೇ ಬೇರೆ. ಪರೀಕ್ಷೆ ಸರಿಯಾಗಿತ್ತು; ಕೇಳಿದ ಪ್ರಶ್ನೆ ಬೇರೆಯದಾಗಿತ್ತು.

1911ರಲ್ಲಿ ಜರ್ಮನಿಯ ಫಿಲಿಪ್ ಮೊನ್ನಾರ್ಟ್ಜ್ ಇದನ್ನು ಬಿಡಿಸಿ ತೋರಿಸಿದ. ಕ್ರೋಮಿಯಂ ಸುಮಾರು ಶೇಕಡಾ 12ನ್ನು ಮುಟ್ಟಿದಾಗ ಉಕ್ಕಿನ ಮೇಲೆ ತಾನಾಗಿಯೇ ಒಂದು ರಕ್ಷಾಪದರ ಮೂಡುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ ಈ ಕ್ರೋಮಿಯಂ ಆಕ್ಸೈಡ್ ಪದರ ಗೀಚಿದರೆ ಹರಿಯುತ್ತದೆ, ಆಕ್ಸಿಜನ್ ಸಿಕ್ಕರೆ ಮತ್ತೆ ಕೂಡಿಕೊಳ್ಳುತ್ತದೆ. 1912ರಲ್ಲಿ ಕ್ರುಪ್ ಕಾರ್ಖಾನೆಯ ಸ್ಟ್ರಾಸ್ ಮತ್ತು ಮೌರೆರ್ ನಿಕ್ಕಲ್ ಕೂಡ ಸೇರಿದ ಉಕ್ಕಿಗೆ ಪೇಟೆಂಟ್ ಪಡೆದರು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗಾಗಿ ಶೇಕಡಾ 12.8 ಕ್ರೋಮಿಯಂ ಇದ್ದ ಉಕ್ಕನ್ನು ಎರಕ ಹೊಯ್ಯಿಸಿದ. ವಿನೆಗರ್, ನಿಂಬೆರಸಗಳಿಗೂ ಅದು ಜಗ್ಗದ್ದನ್ನು ಕಂಡು ಚಾಕುಗಳಿಗೆ ಬಳಸಬಹುದೆಂದ. 1924ರಲ್ಲಿ ಅದೇ ಊರಿನ ಹ್ಯಾಟ್‌ಫೀಲ್ಡ್ ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುವ ಉಕ್ಕನ್ನು ರೂಪಿಸಿದ. (ಇವನು ಹ್ಯಾಡ್‌ಫೀಲ್ಡ್ ಅಲ್ಲ, ಹೆಸರು ಗೊಂದಲ ಮಾಡಿಕೊಳ್ಳಬೇಡಿ.) ನಿಮ್ಮ ಮನೆಯ 'ಸ್ಟೀಲ್' ಪಾತ್ರೆಗಳ ಮೂಲಪುರುಷ ಇದೇ. ಇಂದು ಇದಕ್ಕೆ 304 ಎಂಬ ದರ್ಜೆ ಸಂಖ್ಯೆ.

ಪಾತ್ರೆಗೆ ಬಂದಷ್ಟು ಬೇಗ ಈ ಉಕ್ಕು ಕಾರಿನ ಕೊಳವೆಗೆ ಬರಲಿಲ್ಲ, ದುಬಾರಿಯಾಗಿತ್ತು. 1960ರ ದಶಕದಲ್ಲಿ ಅಮೆರಿಕದಲ್ಲಿ ನಿಕ್ಕಲ್ ಇಲ್ಲದ, ಸುಮಾರು ಶೇಕಡಾ 11 ಕ್ರೋಮಿಯಂ ಮತ್ತು ತುಸು ಟೈಟೇನಿಯಂ ಇರುವ ಅಗ್ಗದ ದರ್ಜೆಯೊಂದು ಸೈಲೆನ್ಸರ್‌ಗೆಂದೇ ಹುಟ್ಟಿತು. ಅದೇ 409. ಅಲ್ಲಿ 1975ರ ಮಾದರಿಯ ಕಾರುಗಳಿಗೆ ವೇಗವರ್ಧಕ ಪರಿವರ್ತಕ (ಕ್ಯಾಟಲಿಟಿಕ್ ಕನ್ವರ್ಟರ್) ಬಂದಾಗ 409ಕ್ಕೆ ಭಾಗ್ಯ ತೆರೆಯಿತು. ಪರಿವರ್ತಕ ಬಿಸಿಯಾಗಿದ್ದರೇ ಕೆಲಸ ಮಾಡುವುದು. ಸಾಧಾರಣ ಉಕ್ಕು ಆ ಬಿಸಿಗೆ ಹೊಪ್ಪಳಿಕೆಯಾಗಿ ಉದುರುತ್ತಿತ್ತು.

ನಮ್ಮಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಪರಿವರ್ತಕ ಕಡ್ಡಾಯವಾಯಿತು. ಸೀಸ ಪ್ಲಾಟಿನಮ್ಮಿಗೆ ವಿಷ. ಹಾಗಾಗಿ ಸೀಸರಹಿತ ಪೆಟ್ರೋಲೂ ಬರಬೇಕಾಯಿತು. 2000ದ ಫೆಬ್ರವರಿ ಹೊತ್ತಿಗೆ ಅದು ದೇಶಕ್ಕೆಲ್ಲ ವಿಸ್ತರಿಸಿತು. ಪೆಟ್ರೋಲಿನ ಗಂಧಕದ ಮಿತಿ ಭಾರತ್ ಹಂತ 1ರಲ್ಲಿ ಹತ್ತು ಲಕ್ಷಕ್ಕೆ 1000 ಭಾಗವಿದ್ದದ್ದು, 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಹಂತ 6ರಲ್ಲಿ 10 ಭಾಗಕ್ಕೆ ಇಳಿದಿದೆ. ಸೈಲೆನ್ಸರ್‌ನೊಳಗಿನ ಆಮ್ಲ ಅಷ್ಟರಮಟ್ಟಿಗೆ ಸೌಮ್ಯವಾಗಿದೆ. ನೀರು ಮಾತ್ರ ಮೊದಲಿನಷ್ಟೇ.

ಕ್ರೋಮಿಯಮ್ಮಿನ ಅದಿರು ಕರ್ನಾಟಕದಲ್ಲೂ ಉಂಟು: ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯ ಬೈರಾಪುರದ ಕ್ರೋಮೈಟ್ ಗಣಿ ಪ್ರಸಿದ್ಧ. ಆದರೆ ದೇಶದ ನಿಕ್ಷೇಪದ ಬಹುಪಾಲು ಇರುವುದು ಒಡಿಶಾದ ಸುಕಿಂದಾ ಕಣಿವೆಯಲ್ಲಿ.

ಈಗ ಮಹಾಗಾಂವದ ಆ ಕಾರಿಗೆ ಬರೋಣ. ಅಂಗಡಿಯಲ್ಲಿ ಕೆಲವರು ಆಯಸ್ಕಾಂತ ಹಚ್ಚಿ, 'ನೋಡಿ, ಹಿಡಿಯುವುದಿಲ್ಲ, ಅಸಲಿ ಸ್ಟೇನ್‌ಲೆಸ್' ಎನ್ನುತ್ತಾರೆ. ಇದು ಹ್ಯಾಡ್‌ಫೀಲ್ಡನ ಪರೀಕ್ಷೆಯಂಥದೇ. ಸೈಲೆನ್ಸರ್‌ಗೆಂದೇ ಹುಟ್ಟಿದ 409ನ್ನು ಆಯಸ್ಕಾಂತ ಚೆನ್ನಾಗಿಯೇ ಸೆಳೆಯುತ್ತದೆ. ನಿಕ್ಕಲ್ ಬದಲು ಮ್ಯಾಂಗನೀಸ್ ತುಂಬಿದ ಅಗ್ಗದ 200 ಸರಣಿಯ ಉಕ್ಕನ್ನು ಸೆಳೆಯುವುದಿಲ್ಲ. ಆದರೆ ಅದು ತುಕ್ಕಿನ ವಿಷಯದಲ್ಲಿ 304ಕ್ಕಿಂತ ದುರ್ಬಲ. ಬಗ್ಗಿಸಿದ ಜಾಗದಲ್ಲಿ 304 ಕೂಡ ತುಸು ಅಂಟಿಕೊಳ್ಳಬಹುದು. ಆದ್ದರಿಂದ ಆಯಸ್ಕಾಂತವನ್ನು ನಂಬದೆ, ದರ್ಜೆ ಯಾವುದೆಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. 409ರ ಮೇಲೆ ಕಂದು ಬಣ್ಣ ಮೂಡಿದರೆ ಗಾಬರಿ ಬೇಡ. ಅದು ಹೆಚ್ಚಾಗಿ ಮೇಲ್ಮೈಗೆ ಸೀಮಿತ. ನೋಟಕ್ಕೆ 304 ಚೆನ್ನ. ಆದರೆ ಅದು ಬಿಸಿಗೆ ಹೆಚ್ಚು ಹಿಗ್ಗುತ್ತದೆ: ಮೂರು ಮೀಟರ್ ಕೊಳವೆ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದರೆ 304 ಸುಮಾರು 15 ಮಿ.ಮೀ. ಉದ್ದವಾದರೆ, 409 ಸುಮಾರು 10 ಮಿ.ಮೀ. ಮಾತ್ರ. ತೂಗುರಬ್ಬರುಗಳು ಇದಕ್ಕೆ ಜಾಗ ಬಿಡದಿದ್ದರೆ ಬೆಸುಗೆ ಬಿಡುತ್ತದೆ. ಬೆಸುಗೆಗೂ ಸ್ಟೇನ್‌ಲೆಸ್ ಕಡ್ಡಿಯೇ ಬೇಕು. ಸಾಧಾರಣ ಕಡ್ಡಿಯಲ್ಲಿ ಬೆಸೆದರೆ ತುಕ್ಕು ಅಲ್ಲಿಂದಲೇ ಶುರು.

'ಶಕ್ತಿ ಹೆಚ್ಚುತ್ತದೆ' ಎಂಬ ಮಾತಿಗೆ ಕಿವಿಗೊಡಬೇಡಿ. 796 ಘನ ಸೆಂ.ಮೀ.ನ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೂ ಸೆಕೆಂಡಿಗೆ ಒಳಗೆಳೆದುಕೊಳ್ಳುವ ಗಾಳಿ ಹೆಚ್ಚೆಂದರೆ 40 ಲೀಟರ್. ಇದಕ್ಕೆ ದಪ್ಪ ಕೊಳವೆ ಬೇಕಿಲ್ಲ. ಹೆಚ್ಚುವುದು ಸದ್ದು. ಮೂರು ಸಿಲಿಂಡರಿನ ಎಂಜಿನ್ 3000 ಸುತ್ತಿನಲ್ಲಿ ಸೆಕೆಂಡಿಗೆ 75 ಬಾರಿ ಸಿಡಿಯುತ್ತದೆ; ಬಿಸಿ ಅನಿಲದಲ್ಲಿ ಆ ಶಬ್ದದ ಅಲೆಯುದ್ದ ಆರು ಮೀಟರಿಗೂ ಮಿಗಿಲು. ಗಾಜಿನ ಹತ್ತಿ ತುಂಬಿದ ನೇರ ಕೊಳವೆ ಕೀರಲು ಸದ್ದನ್ನು ನುಂಗುತ್ತದೆಯೇ ಹೊರತು ಈ ಗುಡುಗನ್ನಲ್ಲ. ಅದನ್ನು ತಡೆಯಲು ಕೋಣೆಗಳಿರುವ ಡಬ್ಬಿಯೇ ಬೇಕು.

ಬದಲಾಯಿಸುವುದು ಪರಿವರ್ತಕದ ಹಿಂದಿನ ಭಾಗವನ್ನು ಮಾತ್ರ. ಪರಿವರ್ತಕವನ್ನು ಕಿತ್ತು ಬರಿ ಕೊಳವೆ ಬೆಸೆಯುವವರಿದ್ದಾರೆ. ಹಾಗೆ ಮಾಡಿದರೆ ಕಾರ್ಬನ್ ಮಾನಾಕ್ಸೈಡ್ ನೇರ ಹೊರಗೆ ಬರುತ್ತದೆ. ಶಾಲೆಯ ಗೇಟಿನ ಬಳಿ ಮಕ್ಕಳ ಮೂಗು ಇರುವುದು ಕೊಳವೆಯ ಬಾಯಿಗಿಂತ ಬಹಳ ಎತ್ತರದಲ್ಲಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. ಹೊಗೆ, ಸದ್ದುಗಳ ಮಿತಿ ಮೀರಿದರೆ 190ನೇ ಕಲಮಿನಡಿ ದಂಡವೂ ಉಂಟು. ಮೂಲ ಡಬ್ಬಿಯಷ್ಟೇ ಗಾತ್ರದ, ಅಷ್ಟೇ ವ್ಯಾಸದ 409 ಉಕ್ಕಿನದು ಸಿಕ್ಕರೆ ಅದೇ ಸಾಕು ಎಂದು ನನ್ನ ಅಭಿಪ್ರಾಯ.

ಅನೇಕ ಸೈಲೆನ್ಸರ್‌ಗಳ ತಳದಲ್ಲಿ ನೀರು ಸೋರಿಹೋಗಲು ಸಣ್ಣ ತೂತು ಕೊಟ್ಟಿರುತ್ತಾರೆ. ಅದನ್ನು ದೋಷವೆಂದು ತಿಳಿದು ಬೆಸುಗೆ ಹಾಕಿ ಮುಚ್ಚಿಸಬೇಡಿ. ಹೊಸದನ್ನು ಕೂರಿಸುವಾಗ ಆ ತೂತು ನೆಲದ ಕಡೆಗೇ ಇದೆಯೇ ಎಂದು ಬಗ್ಗಿ ನೋಡಿ. ವಾರಕ್ಕೊಮ್ಮೆಯಾದರೂ ಕಾರನ್ನು ಕಲಬುರಗಿವರೆಗೆ ಓಡಿಸಿಕೊಂಡು ಬಂದರೆ ಒಳಗಿನ ನೀರೂ ಆರುತ್ತದೆ.