ಖಾಪರಖೇಡಾ ಪರಿಸರದ ತಿಂಡಿ ತಿನಿಸುಗಳು: ಕನ್ನಡ ಕುಟುಂಬಗಳಿಗೊಂದು ಪರಿಚಯ

ಖಾಪರಖೇಡಾ ನಾಗಪುರದಿಂದ ಉತ್ತರಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ, ಸಾವನೇರ ತಾಲೂಕಿನಲ್ಲಿದೆ. 1989ರಲ್ಲಿ ಮೊದಲ ಘಟಕ ಕಾರ್ಯಾರಂಭ ಮಾಡಿದ ಉಷ್ಣವಿದ್ಯುತ್ ಕೇಂದ್ರ ಮತ್ತು ಸುತ್ತಣ ಕಲ್ಲಿದ್ದಲು ಗಣಿಗಳ ಕಾರಣ ನಾನಾ ಪ್ರಾಂತಗಳ ಜನ ಇಲ್ಲಿ ನೆಲೆಸಿದ್ದಾರೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದ ನಮ್ಮಂಥವರೂ ಅವರಲ್ಲಿ ಸೇರಿದ್ದೇವೆ. ಪರದೇಶಕ್ಕೆ ಹದಿನೈದು ದಿನ ಹೋಗಿ ಬಂದವರು ಅಲ್ಲಿನ ಬೀದಿ ತಿನಿಸುಗಳನ್ನು ಬಾಯಿ ತುಂಬ ಬಣ್ಣಿಸುತ್ತಾರೆ. ಪರರಾಜ್ಯದಲ್ಲಿ ವರ್ಷಗಟ್ಟಲೆ ಬಾಳುವ ನಾವಾದರೋ ‘ಇಲ್ಲಿಯದು ಬರೀ ಖಾರ’ ಎಂದು ಉಪ್ಪಿಟ್ಟು ಚಿತ್ರಾನ್ನಗಳಲ್ಲೇ ಕಾಲ ಕಳೆಯುತ್ತೇವೆ. ಹೊಸದಾಗಿ ಬರುವ ಕುಟುಂಬಗಳಿಗೆ ಉಪಯೋಗವಾದೀತೆಂದು ನಾವು ಉಂಡು ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲಿಗೆ ಒಂದು ಮಾತಿನ ತೊಡಕು. ಬಂದ ಹೊಸತರಲ್ಲಿ ಕಿರಾಣಿ ಅಂಗಡಿಯಲ್ಲಿ ಸಾಂಬಾರು ಪುಡಿ ಕೇಳಲು ಹೋಗಿ, ‘ಸಾಂಬಾರ್’ ಎಂದಷ್ಟೇ ಅಂದೆವು. ಅಂಗಡಿಯವರು ಎದುರಿನ ತರಕಾರಿ ಗಾಡಿಯತ್ತ ಕೈ ತೋರಿಸಿದರು. ಗಾಡಿಯವಳು ಕೊತ್ತಂಬರಿ ಸೊಪ್ಪಿನ ಕಟ್ಟೊಂದನ್ನು ಚೀಲಕ್ಕೆ ಹಾಕಿದಳು. ವಿದರ್ಭದ ಆಡುಮಾತಿನಲ್ಲಿ ಸಾಂಬಾರ ಎಂದರೆ ಕೊತ್ತಂಬರಿ ಸೊಪ್ಪು. ಇದು ತಿಳಿಯದೆ ಹೋಟೆಲಿನಲ್ಲಿ ‘ಸಾಂಬಾರವಡಿ’ ಎಂದು ಹೇಳಿ, ಬಟ್ಟಲಲ್ಲಿ ಮುಳುಗಿದ ಉದ್ದಿನವಡೆಗಾಗಿ ಕಾಯುವ ನಮ್ಮವರು ಇಂದಿಗೂ ಇದ್ದಾರೆ. ಬರುವುದೇ ಬೇರೆ: ಕೊತ್ತಂಬರಿ ಸೊಪ್ಪು, ಗಸಗಸೆ, ಒಣಕೊಬ್ಬರಿ, ಎಳ್ಳು ಕೂಡಿದ ಹೂರಣವನ್ನು ಕಡಲೆಹಿಟ್ಟು, ಗೋಧಿಹಿಟ್ಟುಗಳ ತೆಳು ಹಾಳೆಯಲ್ಲಿ ಸುತ್ತಿ ಕರಿದ ಸುರುಳಿ. ಪುಡಾಚಿ ವಡಿ ಎಂದೂ ಇದಕ್ಕೆ ಹೆಸರು. ಕಢಿಯೊಡನೆ ತಿನ್ನುವುದು ವಾಡಿಕೆ. ಸೊಪ್ಪು ಹೇರಳವಾಗಿಯೂ ಅಗ್ಗವಾಗಿಯೂ ದೊರೆಯುವ ಚಳಿಗಾಲದಲ್ಲೇ ಇದರ ರುಚಿ ಹೆಚ್ಚು.

ಬೆಳಗಿನ ತಿಂಡಿಯಲ್ಲಿ ತರ್ರಿ ಪೋಹಾಕ್ಕೆ ಮೊದಲ ಸ್ಥಾನ. ನಮ್ಮ ಒಗ್ಗರಣೆ ಅವಲಕ್ಕಿಯಂಥದೇ ಅವಲಕ್ಕಿಯ ಮೇಲೆ ಕರಿಕಡಲೆಯ ತೆಳುವಾದ ಖಾರದ ಸಾರನ್ನು ಸುರಿದು, ಹಸಿ ಈರುಳ್ಳಿ ಉದುರಿಸಿ, ನಿಂಬೆ ಹಿಂಡಿ ಕೊಡುತ್ತಾರೆ. ಸಾರಿನ ಮೇಲೆ ತೇಲುವ ಕೆಂಪೆಣ್ಣೆಯೇ ತರ್ರಿ. ನಾಗಪುರದ ಕಸ್ತೂರ್‌ಚಂದ್ ಪಾರ್ಕಿನ ಬಳಿಯ ಪೋಹಾ ಇಡೀ ನಗರಕ್ಕೆ ಹೆಸರುವಾಸಿ. ಒಣ ಅವಲಕ್ಕಿಗೆ ಒಗ್ಗಿದವರು ಮೊದಲ ದಿನ ಸಾರನ್ನು ಬೇರೆ ಬಟ್ಟಲಲ್ಲಿ ಕೇಳಿ ಪಡೆಯುವುದು ಒಳಿತು. ನಾವೂ ಹಾಗೆಯೇ ಆರಂಭಿಸಿದೆವು. ತಿಂಗಳೊಳಗೆ ಬಟ್ಟಲು ಬೇಡವಾಯಿತು. ಖಾಪರಖೇಡಾದಲ್ಲಿ ಕಲ್ಲಿದ್ದಲಿನ ಲಾರಿಗಳು ಓಡಾಡುವ ರಸ್ತೆಯಂಚಿನಲ್ಲಿ ತಿನ್ನುವುದಾದರೆ ಮುಚ್ಚಿಟ್ಟ ಪಾತ್ರೆಯಿಂದ ಬಡಿಸುವ ಗಾಡಿಯನ್ನೇ ಆರಿಸಿಕೊಳ್ಳಬೇಕು.

ಇಲ್ಲಿಯ ಅಡುಗೆಗಳಲ್ಲಿ ನಮ್ಮನ್ನು ಹೆಚ್ಚು ಸೆಳೆದದ್ದು ಲಂಬಿ ರೋಟಿ, ಅಥವಾ ಮಟಕಾ ರೋಟಿ. ಸೌದೆಯ ಒಲೆಯ ಮೇಲೆ ಮಣ್ಣಿನ ಮಡಕೆಯನ್ನು ಬೋರಲು ಹಾಕುತ್ತಾರೆ. ಗೋಧಿಯ ಕಣಕವನ್ನು ಬಹಳ ಸಡಿಲವಾಗಿ ಕಲಸಿ, ಎತ್ತಿ ಎತ್ತಿ ಬಡಿದು ನಾದಿ, ಎರಡೂ ಕೈಗಳ ಮೇಲೆ ಮೊಣಕೈಯವರೆಗೆ ಹರಡಿಸಿ, ಒಮ್ಮೆಗೇ ಮಡಕೆಯ ಬೆನ್ನಿನ ಮೇಲೆ ಹಾಸುತ್ತಾರೆ. ಲಟ್ಟಣಿಗೆಯ ಮಾತೇ ಇಲ್ಲ. ಹೆಚ್ಚಾಗಿ ಹೆಂಗಸರೇ ಮಾಡುವ ಕೆಲಸವಿದು. ಮೇ ತಿಂಗಳ 45 ಡಿಗ್ರಿ ಸೆಖೆಯಲ್ಲಿ ಆ ಒಲೆಯ ಮುಂದೆ ಕುಳಿತವರನ್ನು ಕಂಡ ಮೇಲೆ ರೊಟ್ಟಿಯ ಬೆಲೆಯಲ್ಲಿ ಚೌಕಾಶಿ ಮಾಡಲು ನಮಗೆ ಮನಸ್ಸು ಬಂದಿಲ್ಲ.

ಮರಾಠಿಯಲ್ಲಿ ಖಾಪರ ಎಂದರೆ ರೊಟ್ಟಿ ಸುಡುವ ಇಂಥ ಮಣ್ಣಿನ ಪಾತ್ರೆ, ಸಂಸ್ಕೃತದ ಖರ್ಪರ. ಖಾನದೇಶದಲ್ಲಿ ಮಾಂಡೆಗಳನ್ನು ಬೇಯಿಸುವುದೂ ಖಾಪರದ ಮೇಲೆಯೇ. ಊರಿನ ಹೆಸರಿನ ಮೂಲವೇನೇ ಇರಲಿ, ಈ ವಿಧಾನ ಕನ್ನಡಿಗರಿಗೆ ಹೊಸದಲ್ಲ. ಬೆಳಗಾವಿಯ ಮಂಡಿಗೆ ಬೋರಲು ಪಾತ್ರೆಯ ಮೇಲೆ ಬೇಯುವ ಇದೇ ವಂಶದ ಭಕ್ಷ್ಯ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ಮಂಡಕವನ್ನು ಕಾದ ಖರ್ಪರದ ಮೇಲೆ ಬೇಯಿಸುವ ಕ್ರಮವಿದೆ. ನಮ್ಮ ಬಸವಕಲ್ಯಾಣದಲ್ಲಿ ಆಳಿದ ಅರಸನ ಗ್ರಂಥದ ಪಾಕವನ್ನು ನಾಗಪುರದ ಬೀದಿಯಲ್ಲಿ ಕಾಣುವುದು ಸಣ್ಣ ಸಂತೋಷವಲ್ಲ.

ಮಾಂಸಾಹಾರಿಗಳಿಗೆ ನಾಗಪುರವೆಂದರೆ ಸಾವಜಿ. ಹುಬ್ಬಳ್ಳಿ, ಗದಗ ಕಡೆಯವರು ಈ ಹೆಸರು ಕೇಳಿ ತಮ್ಮೂರಿನ ಸಾವಜಿ ಖಾನಾವಳಿಯೇ ಇಲ್ಲಿಗೂ ಬಂದಿದೆ ಎಂದು ಭಾವಿಸುತ್ತಾರೆ. ಅಲ್ಲಿಯದು ಪಟ್ಟೆಗಾರರೆನಿಸಿದ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಅಡುಗೆ. ಇಲ್ಲಿಯದು ಹಲಬಾ ಕೋಷ್ಟಿ ಸಮಾಜದವರದು. ಸಮಾಜಗಳು ಬೇರೆ, ಆದರೆ ಎರಡೂ ಮಗ್ಗದ ಮನೆಗಳು, ಎರಡೂ ಕಡೆ ಕಣ್ಣಲ್ಲಿ ನೀರು ಬರಿಸುವ ಖಾರ. ಕೈಮಗ್ಗದ ಸಂಪಾದನೆ ಕುಂದಿದಂತೆ ನಾಗಪುರದ ಅನೇಕ ನೇಕಾರ ಮನೆಗಳು ಅಡುಗೆಯನ್ನೇ ಜೀವನೋಪಾಯ ಮಾಡಿಕೊಂಡವು. ಹಳೆಯ ಪದ್ಧತಿಯಲ್ಲಿ ಅಗಸೆ ಎಣ್ಣೆ, ಸಾರು ಗಟ್ಟಿಯಾಗಲು ಜೋಳದ ಹಿಟ್ಟು, ಮಸಾಲೆಗೆ ಕಲ್ಲುಹೂವು, ಗಸಗಸೆ. ಸಸ್ಯಾಹಾರಿಗಳು ನಿರಾಶರಾಗಬೇಕಿಲ್ಲ. ಬೇಯಿಸಿ ಹರಡಿ ಕತ್ತರಿಸಿದ ಕಡಲೆಹಿಟ್ಟಿನ ತುಂಡುಗಳನ್ನು ಅದೇ ಸಾರಿನಲ್ಲಿ ಬಿಟ್ಟ ಪಾಟೋಡಿ ರಸ್ಸಾ ಅಲ್ಲಿಯೇ ಸಿಗುತ್ತದೆ. ಆದರೆ ಪಾತ್ರೆ, ಸೌಟು ಬೇರೆ ಇವೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಮದುವೆಯ ಊಟಗಳಲ್ಲಿ ವಡಾ ಭಾತ್ ಬಡಿಸಿದಾಗ ಅನ್ನ, ವಡೆಗಳನ್ನು ಬೇರೆ ಬೇರೆ ತಿನ್ನಬಾರದು. ತರಿಯಾಗಿ ರುಬ್ಬಿದ ಬೇಳೆಗಳ ವಡೆಯನ್ನು ಬಿಸಿ ಅನ್ನದ ಮೇಲೆ ಪುಡಿಮಾಡಿ, ಇಂಗಿನ ಒಗ್ಗರಣೆ ಎಣ್ಣೆ ಹಾಕಿ ಕಲಸಬೇಕು. ಶ್ರಾವಣ ಅಮಾವಾಸ್ಯೆಯ ಪೋಳಾ ಹಬ್ಬ ನಮ್ಮ ಕಾರಹುಣ್ಣಿಮೆಯ ಹಾಗೆ ಎತ್ತುಗಳ ಹಬ್ಬ. ಅಂದಿನ ಪುರಣಪೋಳಿಯಲ್ಲಿ ಹೂರಣ ಧಾರಾಳ, ತುಪ್ಪ ಅದಕ್ಕಿಂತ ಧಾರಾಳ.

ಇನ್ನು ಅಂಬಾಡಿಯ ವಿಷಯ. ನಮ್ಮ ತಾಯಿಯವರು ಧಾರವಾಡದಿಂದ ಬಂದು ನಮ್ಮೊಡನಿದ್ದ ಮೊದಲ ಮಳೆಗಾಲದಲ್ಲಿ ಊಟವನ್ನೇ ಕಡಿಮೆ ಮಾಡಿದರು. ಮಾತು ಬಾರದ ಊರು. ಹೊರಗಿನದು ಮುಟ್ಟುತ್ತಿರಲಿಲ್ಲ, ಮನೆಯದು ಸೇರುತ್ತಿರಲಿಲ್ಲ. ಊರಿಗೆ ಕಳಿಸಿಬಿಡಿ ಎನ್ನುತ್ತಿದ್ದರು. ನಾವು ಟಿಕೆಟು ಮಾಡಿಸುವ ಯೋಚನೆಯಲ್ಲೇ ಇದ್ದೆವು. ವಾರದ ಸಂತೆಗೆ ಒಮ್ಮೆ ಕರೆದೊಯ್ದಾಗ ಒಂದು ರಾಶಿಯ ಮುಂದೆ ಕುಳಿತು, ಎಲೆಯೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡು, ‘ಇದು ಪುಂಡಿಪಲ್ಯ ಅಲ್ಲೇನೋ!’ ಎಂದರು. ಮಾರುವವಳು ಅಂಬಾಡಿ ಎಂದಳು. ಇಬ್ಬರಲ್ಲಿ ಒಬ್ಬರಿಗೂ ಇನ್ನೊಬ್ಬರ ಭಾಷೆ ಬಾರದು. ಆದರೂ ಬೇಳೆ, ನುಚ್ಚು, ಬೆಳ್ಳುಳ್ಳಿ ಒಗ್ಗರಣೆಗಳನ್ನು ಕೈಸನ್ನೆಯಲ್ಲೇ ವಿನಿಮಯ ಮಾಡಿಕೊಂಡರು. ನುಚ್ಚಿಗೆ ಅವಳು ಕಣ್ಯಾ ಎಂದಳು, ಅಷ್ಟೇ ಭೇದ. ಅಂದು ರಾತ್ರಿ ತಾಯಿಯವರು ಎರಡು ಜೋಳದ ರೊಟ್ಟಿ ಉಂಡರು. ಟಿಕೆಟಿನ ಮಾತು ದೀಪಾವಳಿಯವರೆಗೆ ಮುಂದೆ ಹೋಯಿತು. ಮನೆಯಲ್ಲಿ ಹಿರಿಯರಿರುವವರು ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಂಬಾಡಿಯನ್ನು ಹುಡುಕಿ ತರಬೇಕೆಂದು ನಮ್ಮ ವಿನಂತಿ. ಚಳಿಗಾಲದ ಹುರಡಾ ಕೂಡ ಹೀಗೆಯೇ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿಕ್ಕಿದ ಕಾಳು, ನಮ್ಮ ಸೀತನಿಯೇ ಸರಿ.

ಊರಿಗೆ ಹೊರಡುವವರು ಏನು ಒಯ್ಯಬೇಕೆಂದು ಕೇಳುತ್ತಾರೆ. ಕಿತ್ತಳೆಗೆ ಇಲ್ಲಿ ಎರಡು ಕಾಲ: ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅಂಬಿಯಾ ಬಹಾರದ ಹಣ್ಣು, ಫೆಬ್ರವರಿ, ಮಾರ್ಚಿನಲ್ಲಿ ಮೃಗ ಬಹಾರದ್ದು. ನಾಗಪುರದ ಕಿತ್ತಳೆಗೆ 2014ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಕೊಡಗಿನ ಕಿತ್ತಳೆಗೆ ಅದಕ್ಕೂ ಮೊದಲೇ ದೊರೆತಿತ್ತು. ಕಿತ್ತಳೆ ಹಣ್ಣಿನ ಸಂತ್ರಾ ಬರ್ಫಿ ವರ್ಷವಿಡೀ ಸಿಗುತ್ತದೆ. ಹೆಚ್ಚು ದಿನ ಬಾಳದು. ರೈಲು ಹತ್ತುವ ದಿನವೇ ಕೊಳ್ಳಿರಿ.